ಮಂಗಳೂರಿನ ಕೋಟೆ ಎಲ್ಲಿ ಹೋಯಿತು?

ಓದುಗರ ಪ್ರಶ್ನೆ: ನಾನು ಚಿತ್ರದುರ್ಗದವನು. ಮೊನ್ನೆ ಮಂಗಳೂರಿಗೆ ಹೋಗಿದ್ದಾಗ ಸುಲ್ತಾನ್ ಬತ್ತೇರಿ ನೋಡಿದೆ. ನಮ್ಮೂರಿನ ಕೋಟೆ ನೋಡಿ ಬೆಳೆದವನಿಗೆ ಅದು ಕಾವಲುಗಾರನ ಕೋಣೆ ಥರ ಕಾಣಿಸಿತು. ಪೋರ್ಚುಗೀಸರು, ಕೆಳದಿಯವರು, ಹೈದರ್, ಟಿಪ್ಪು, ಇಂಗ್ಲಿಷರು ಎಲ್ಲರೂ ಕಾದಾಡಿದ್ದು ಇಷ್ಟಕ್ಕೇನಾ? ಇಷ್ಟು ಜನ ಹೊಡೆದಾಡಿದ ಊರಿನಲ್ಲಿ ದೊಡ್ಡ ಕೋಟೆ ಯಾಕಿಲ್ಲ? 1784ರ ಒಪ್ಪಂದದಲ್ಲಿ ನಿಜವಾಗಿ ಗೆದ್ದವರು ಯಾರು?

ಉತ್ತರ: ನಿಮಗೆ ಅನಿಸಿದ್ದು ಸರಿಯೇ. ಸುಲ್ತಾನ್ ಬತ್ತೇರಿ ಕೋಟೆ ಅಲ್ಲವೇ ಅಲ್ಲ. ಬತ್ತೇರಿ ಅಂದರೆ ಫಿರಂಗಿ ಕೂರಿಸುವ ಜಾಗ. ಹೊಳೆಯೊಳಗೆ ಶತ್ರುವಿನ ಹಡಗು ನುಗ್ಗದಂತೆ ನೋಡಿಕೊಳ್ಳುವುದು ಅದರ ಕೆಲಸ. ಸುತ್ತಿನ ಗೋಡೆಯಲ್ಲಿ ಫಿರಂಗಿ ಬಾಯಿ ಇಡುವ ಕಂಡಿಗಳು, ಕೆಳಗೆ ಮದ್ದು ಇಡಲು ನೆಲಮಾಳಿಗೆ, ಹತ್ತಲು ಇಕ್ಕಟ್ಟಾದ ಮೆಟ್ಟಿಲು. ಅಷ್ಟೇ. ನಿಮ್ಮೂರಿನ ಏಳು ಸುತ್ತಿನ ಕೋಟೆಯ ಜೊತೆ ಅದನ್ನು ಹೋಲಿಸುವುದು, ಮನೆಯ ಜೊತೆ ಬಾಗಿಲ ಚಿಲಕವನ್ನು ಹೋಲಿಸಿದ ಹಾಗೆ.

ಇನ್ನೊಂದು ವಿಷಯ ನೀವು ಗಮನಿಸಿದಿರೋ ಇಲ್ಲವೋ. ಬತ್ತೇರಿಯನ್ನು ಕಟ್ಟಿರುವುದು ಕಪ್ಪು ಕಲ್ಲಿನಲ್ಲಿ. ಆದರೆ ಮಂಗಳೂರಿನ ಮನೆ, ಪಾಗಾರ, ಬಾವಿಕಟ್ಟೆ ಎಲ್ಲವೂ ಕೆಂಪು ಮುರಕಲ್ಲಿನವು. ಮುರಕಲ್ಲನ್ನು ಕೊಡಲಿಯಲ್ಲೇ ಕೆತ್ತಬಹುದು. ಕೆಂಪು ಗುಡ್ಡದ ಮೇಲೆ ಕುಳಿತು ಕಪ್ಪು ಕಲ್ಲು ತರಿಸಿ ಕಟ್ಟಿದ್ದಾರೆ ಅಂದರೆ, ಕಟ್ಟಿಸಿದ ಟಿಪ್ಪುವಿಗೆ ಹಿಂದೆ ಎಲ್ಲೋ ಪೆಟ್ಟು ಬಿದ್ದಿರಬೇಕು ಅನ್ನುವುದು ನನ್ನ ಊಹೆ. ಆ ಪೆಟ್ಟಿನ ಕಥೆಗೆ ಆಮೇಲೆ ಬರುತ್ತೇನೆ.

ದೊಡ್ಡ ಕೋಟೆ ಇತ್ತಾ ಅಂದರೆ, ಇತ್ತು. ಅದನ್ನು ಕೆಡವಿದವರು ಇಂಗ್ಲಿಷರಲ್ಲ, ಪೋರ್ಚುಗೀಸರಲ್ಲ. ಟಿಪ್ಪುವೇ ಕೆಡವಿಸಿದ. ತನ್ನದೇ ಕೋಟೆಯನ್ನು, ಅದೂ ಎಂಟು ತಿಂಗಳು ಒದ್ದಾಡಿ ಗೆದ್ದುಕೊಂಡ ಮೇಲೆ! ಇದು ಯಾಕೆ ಅಂತ ಗೊತ್ತಾದರೆ ನಿಮ್ಮ ಮೂರೂ ಪ್ರಶ್ನೆಗೆ ಉತ್ತರ ಸಿಕ್ಕಂತೆ. ಅದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು.

ಬತ್ತೇರಿಯ ಮೇಲೆ ನಿಂತಾಗ ಎದುರಿಗೆ ಏನು ಕಂಡಿತು, ನೆನಪು ಮಾಡಿಕೊಳ್ಳಿ. ಕಂಡದ್ದು ಸಮುದ್ರವಲ್ಲ, ಹೊಳೆ. ಅದು ಫಲ್ಗುಣಿ, ಊರವರ ಬಾಯಲ್ಲಿ ಗುರುಪುರ ಹೊಳೆ. ಹೊಳೆಯ ಆಚೆ ತೆಂಗಿನ ಮರಗಳ ಒಂದು ಉದ್ದನೆಯ ಮರಳು ಪಟ್ಟಿ. ಅದೇ ತಣ್ಣೀರುಬಾವಿ, ಬೆಂಗ್ರೆ. ಅದರಾಚೆಗೆ ಕಡಲು. ದಕ್ಷಿಣದಲ್ಲಿ ನೇತ್ರಾವತಿ ಬಂದು ಈ ಹೊಳೆಯನ್ನು ಸೇರುತ್ತದೆ, ಎರಡೂ ಒಟ್ಟಿಗೆ ಅಳಿವೆಯಲ್ಲಿ ಕಡಲಿಗೆ ಬೀಳುತ್ತವೆ. ಹಳೆ ಬಂದರು ಇರುವುದು ಕಡಲಿನಲ್ಲಲ್ಲ, ಈ ಒಳನೀರಿನಲ್ಲಿ.

ಒಳಗೆ ಸಣ್ಣ ದೋಣಿ, ಪತ್ತೆಮಾರಿಗಳಿಗೆ ಅದು ತೊಟ್ಟಿಲು. ಆದರೆ ಅಳಿವೆಯ ಬಾಯಲ್ಲಿ ಮರಳು ದಿಣ್ಣೆ. ದೊಡ್ಡ ಹಡಗು ಒಳಗೆ ಬರಲಾರದು. ಹೊರಗೆ ಲಂಗರು ಹಾಕಿ, ಜನ ಸಾಮಾನನ್ನೆಲ್ಲ ದೋಣಿಗೆ ಇಳಿಸಿ ತರಬೇಕು. ಜೂನ್ ಬಂತೆಂದರೆ ಅದೂ ನಿಂತಿತು. ಮೂರು ನಾಲ್ಕು ತಿಂಗಳು ಅಳಿವೆಯಲ್ಲಿ ತೆರೆ ಎದ್ದು ಹಾಯಿ ಹಡಗು ದಡದ ಹತ್ತಿರ ಸುಳಿಯುವಂತಿಲ್ಲ. ಇವತ್ತಿಗೂ ಮಳೆಗಾಲದಲ್ಲಿ ಮೀನುಗಾರಿಕೆ ದೋಣಿಗಳು ಅಳಿವೆ ದಾಟುವಾಗ ದಡದಲ್ಲಿದ್ದವರ ಉಸಿರು ಬಿಗಿಯುತ್ತದೆ.

ಇನ್ನು ಬೆನ್ನಿಗೆ ಘಟ್ಟ. ಊರಿಗೆ ಬೇಕಾದ ಸೈನ್ಯ, ಕುದುರೆ, ದುಡ್ಡು ಎಲ್ಲ ಬರಬೇಕಾದ್ದು ಘಟ್ಟದ ಮೇಲಿನಿಂದ. ಅದೂ ಹೊಸಂಗಡಿ, ಚಾರ್ಮಾಡಿ, ಬಿಸಿಲೆಯಂಥ ಕಿರಿದಾದ ಕಣಿವೆ ದಾರಿಗಳಲ್ಲಿ.

ಸೈನಿಕ ಲೆಕ್ಕದಲ್ಲಿ ಮಂಗಳೂರಿನ ಗುಟ್ಟು ಇಷ್ಟೇ. ಕಡಲು ಕೈಯಲ್ಲಿದ್ದವನು ಈ ಊರನ್ನು ಎರಡು ದಿನದಲ್ಲಿ ಹಿಡಿಯಬಹುದು. ಘಟ್ಟ ಕೈಯಲ್ಲಿದ್ದವನು ಅವನನ್ನು ಓಡಿಸಬಹುದು. ಎರಡೂ ಕೈಯಲ್ಲಿದ್ದವನು ಮಾತ್ರ ಉಳಿಸಿಕೊಳ್ಳಬಹುದು. 1799ರವರೆಗೆ ಅಂಥವರು ಯಾರೂ ಇರಲಿಲ್ಲ. ಹಾಗಾಗಿಯೇ ಊರು ಚೆಂಡಿನ ಹಾಗೆ ಕೈಯಿಂದ ಕೈಗೆ ಹಾರಿತು.

ಇಷ್ಟು ಕಷ್ಟದ ಬಂದರಿನ ಮೇಲೆ ಯಾಕಿಷ್ಟು ಆಸೆ? ಕಾಳುಮೆಣಸು ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಉತ್ತರ. ಇನ್ನರ್ಧ ಅಕ್ಕಿ. ಪೋರ್ಚುಗೀಸರ ಗೋವಾ ತನ್ನ ಹೊಟ್ಟೆಗೆ ತಾನು ಬೆಳೆದುಕೊಳ್ಳುತ್ತಿರಲಿಲ್ಲ. ಹೊನ್ನಾವರ, ಬಸ್ರೂರು, ಮಂಗಳೂರಿನ ಅಕ್ಕಿ ಹೋಗದಿದ್ದರೆ ಅಲ್ಲಿ ಒಲೆ ಉರಿಯುವುದು ಕಷ್ಟ. ಮಸ್ಕತ್ತಿಗೂ ಇಲ್ಲಿಂದಲೇ ಅಕ್ಕಿ. ಕರಾವಳಿಯ ಹಳೆ ಮನೆಗಳಲ್ಲಿ ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿ ಮುಡಿ ನೋಡಿದ್ದೀರಾ? ಉರುಟು, ಬಿಗಿ, ಹುಳ ಹೊಕ್ಕದು. ಅದರಲ್ಲೂ ಕುಚ್ಚಲಕ್ಕಿಯಾದರೆ ಬೇಗ ಕೆಡುವುದೂ ಇಲ್ಲ. ಹಡಗಿನಲ್ಲಿ ತುಂಬಿ ಕಳಿಸಲು ಹೇಳಿ ಮಾಡಿಸಿದ ಸರಕು. ಪೋರ್ಚುಗೀಸರು ಇಲ್ಲಿನ ಅರಸರಿಂದ ಕಪ್ಪ ಕೇಳುವಾಗ ಚಿನ್ನದ ಜೊತೆ ಅಕ್ಕಿಯನ್ನೂ ಕೇಳುತ್ತಿದ್ದರು. ಉಳ್ಳಾಲದ ಚೌಟ ರಾಣಿಯರು ಕೊಡುವುದಿಲ್ಲ ಅಂದರು. ಜಗಳ ಶುರುವಾದದ್ದು ಹಾಗೆ.

1568ರಲ್ಲಿ ಗೋವಾದ ವೈಸರಾಯ್ ಆಂತಾವೊ ದೆ ನೊರೊನ್ಹ ಹಡಗುಪಡೆ ತಂದು ಉಳ್ಳಾಲದ ಮೇಲೆ ಬಿದ್ದ. ಮಂಗಳೂರಿನಲ್ಲಿ ಒಂದು ಕೋಟೆ ಕಟ್ಟಿಸಿ ಸಂತ ಸೆಬಾಸ್ಟಿಯನ್ನನ ಹೆಸರಿಟ್ಟ. ಊರಿನ ರೊಸಾರಿಯೊ ಚರ್ಚಿನ ಮೂಲವೂ ಅದೇ ವರ್ಷದ್ದು. ಆದರೆ ಕೋಟೆ ಕಟ್ಟಿದ್ದರಿಂದ ಊರು ಕೈಗೆ ಬರಲಿಲ್ಲ. ಕೋಟೆಯ ಗೋಡೆಯಿಂದ ಕೂಗಿದರೆ ಎಷ್ಟು ದೂರ ಕೇಳುತ್ತದೋ ಅಷ್ಟು ದೂರ ಮಾತ್ರ ಅವರ ರಾಜ್ಯ.

ಉಳ್ಳಾಲದ ರಾಣಿ ಅಬ್ಬಕ್ಕನ ಬಗ್ಗೆ ಹತ್ತಾರು ಕಥೆಗಳಿವೆ. ಅವುಗಳಲ್ಲಿ ಎಷ್ಟೋ ಆಮೇಲೆ ಸೇರಿದವು. ಒಬ್ಬಳಲ್ಲ, ಒಂದಕ್ಕಿಂತ ಹೆಚ್ಚು ಅಬ್ಬಕ್ಕಂದಿರು ಅನ್ನುವುದೂ ನಿಜ. ಅಳಿಯ ಸಂತಾನದ ಮನೆತನ, ಅಂದರೆ ಹಕ್ಕು ತಾಯಿಯ ಕಡೆಯಿಂದ ಹರಿಯುವ ಮನೆತನ, ಹಾಗಾಗಿ ಹೆಣ್ಣಿನ ಆಳ್ವಿಕೆ ಅಲ್ಲಿ ಅಚ್ಚರಿಯ ಸಂಗತಿ ಆಗಿರಲಿಲ್ಲ. ನನಗೆ ಕಥೆಗಳಿಗಿಂತ ಇಷ್ಟವಾಗುವುದು ಕಣ್ಣಾರೆ ಕಂಡವನ ಒಂದು ಬರಹ. 1623ರಲ್ಲಿ ಪಿಯೆತ್ರೊ ದೆಲ್ಲಾ ವಲ್ಲೆ ಎಂಬ ಇಟಲಿಯ ಯಾತ್ರಿಕ ಉಳ್ಳಾಲದ ರಾಣಿಯನ್ನು ನೋಡಲು ಬಂದ. ಅರಮನೆ, ಸಿಂಹಾಸನ ಏನೂ ಇಲ್ಲ. ದಾರಿಯಲ್ಲೇ ಸಿಕ್ಕಳು. ಬರಿಗಾಲು, ಸಾದಾ ಹತ್ತಿ ಬಟ್ಟೆ, ತಲೆಯ ಮೇಲೆ ಒಬ್ಬ ಹಿಡಿದ ಕೊಡೆ. ನೀರಿನ ಕಾಲುವೆ ತೋಡುವ ಕೆಲಸ ನೋಡಿಕೊಳ್ಳಲು ಹೊರಟಿದ್ದಳು. ನೋಡಿದರೆ ಅಡುಗೆಮನೆಯ ಆಳಿನ ಹಾಗೆ, ಬಾಯಿ ತೆರೆದರೆ ರಾಣಿ ಅನ್ನುವ ಅರ್ಥದಲ್ಲಿ ಆತ ಬರೆದಿದ್ದಾನೆ. ಗದ್ದೆಗೆ ನೀರು ಹೋಗುತ್ತದಾ ಅಂತ ರಾಣಿಯೇ ನೋಡುವ ನಾಡಿನಲ್ಲಿ ಅಕ್ಕಿ ಎಷ್ಟು ಮುಖ್ಯ ಅಂತ ಬೇರೆ ಹೇಳಬೇಕಾ?

ಈ ರಾಣಿಗೆ ಮಂಗಳೂರಿನ ಬಂಗ ಅರಸನ ಜೊತೆ ಮದುವೆಯಾಗಿ, ಮುರಿದು, ಹಗೆಯಾಗಿತ್ತು. ಬಂಗನಿಗೆ ಪೋರ್ಚುಗೀಸರ ಬೆಂಬಲ. ರಾಣಿ ಏನು ಮಾಡಿದಳು? ಘಟ್ಟದ ಮೇಲಿನಿಂದ ಕೆಳದಿ ಮನೆತನದ ಅರಸ, ಇಕ್ಕೇರಿಯ ವೆಂಕಟಪ್ಪ ನಾಯಕನನ್ನು ಕರೆಸಿದಳು. 1618ರಲ್ಲಿ ನಾಯಕನ ಪಡೆ ಬಂಗನನ್ನೂ ಅವನಿಗೆ ನೆರವಾದ ಪೋರ್ಚುಗೀಸರನ್ನೂ ಸೋಲಿಸಿತು. ಘಟ್ಟ ಕೈಯಲ್ಲಿದ್ದವನು ಕಡಲಿನವನನ್ನು ಹೊಡೆದ ಮೊದಲ ದೊಡ್ಡ ಉದಾಹರಣೆ ಇದು.

ಅದೇ ಮನೆತನದ ಶಿವಪ್ಪ ನಾಯಕ ಬಂದ ಮೇಲೆ ಲೆಕ್ಕ ಪೂರ್ತಿ ಚುಕ್ತಾ ಆಯಿತು. 1650ರ ದಶಕದ ಮೊದಲ ನಾಲ್ಕೈದು ವರ್ಷಗಳಲ್ಲಿ ಮಂಗಳೂರು, ಬಸ್ರೂರು, ಗಂಗೊಳ್ಳಿ, ಹೊನ್ನಾವರ ಎಲ್ಲ ಕಡೆ ಪೋರ್ಚುಗೀಸ್ ಕೋಟೆಗಳು ಅವನ ವಶವಾದವು. ಆದರೂ ಕೆಳದಿಯವರಿಗೆ ಕಡಲಿನಲ್ಲಿ ಹೋರಾಡುವ ಶಕ್ತಿ ಇರಲಿಲ್ಲ. ಅಕ್ಕಿ ಮಾರಬೇಕು, ಸಾಗಿಸುವ ಹಡಗು ಪೋರ್ಚುಗೀಸರದು. ಹಾಗಾಗಿ ಕೆಲವೇ ವರ್ಷಗಳಲ್ಲಿ ಒಪ್ಪಂದ ಮಾಡಿಕೊಂಡು ಅವರಿಗೆ ಮತ್ತೆ ವ್ಯಾಪಾರದ ಕೋಠಿ ಇಡಲು ಬಿಟ್ಟರು. 1695ರಲ್ಲಿ ಮಸ್ಕತ್ತಿನ ಅರಬರು ಬಂದು ಊರಿಗೇ ಬೆಂಕಿ ಇಟ್ಟರು. ಅವರ ಜಗಳ ಇದ್ದದ್ದು ಪೋರ್ಚುಗೀಸರ ಜೊತೆ, ಸುಟ್ಟುಹೋದದ್ದು ಮಂಗಳೂರು. ಕಡಲಿನ ಕಡೆ ಬಾಗಿಲು ಹಾಕಲು ಬಾರದ ಮನೆಯ ಗತಿ ಅದು.

1763ರಲ್ಲಿ ಹೈದರ್ ಅಲಿ ಕೆಳದಿಯವರ ರಾಜಧಾನಿ ಬಿದನೂರು ಗೆದ್ದ, ಅದರ ಜೊತೆ ಮಂಗಳೂರೂ ಬಂತು. ಒಳನಾಡಿನ ಅರಸರ ಪೈಕಿ ಈ ಊರಿನ ಗುಟ್ಟು ಮೊದಲು ಅರ್ಥವಾದದ್ದು ಅವನಿಗೆ ಅಂತ ನನ್ನ ಅಭಿಪ್ರಾಯ. ಘಟ್ಟ ಮಾತ್ರ ಸಾಲದು, ಕಡಲೂ ಬೇಕು ಅಂತ ಇಲ್ಲಿ ಹಡಗು ಕಟ್ಟಿಸಲು ಶುರು ಮಾಡಿದ. ಆದರೆ ಹಡಗು ಕಟ್ಟುವುದು ಬೇರೆ, ಹಡಗುಪಡೆ ಕಟ್ಟುವುದು ಬೇರೆ ಅಲ್ವಾ? ಅವನು ನೌಕಾಪಡೆಯನ್ನು ಲುತ್ಫ್ ಅಲಿ ಬೇಗ್ ಎಂಬ ಕುದುರೆ ಪಡೆಯ ಅಧಿಕಾರಿಯ ಕೈಗೆ ಕೊಟ್ಟ. ಜನ್ಮವೆಲ್ಲ ನೀರಿನಲ್ಲಿ ಕಳೆದ ಕಪ್ತಾನರಿಗೆ ಇದು ಸಹಿಸಲಿಲ್ಲ. 1768ರ ಫೆಬ್ರವರಿಯಲ್ಲಿ ಮುಂಬಯಿಯಿಂದ ಇಂಗ್ಲಿಷ್ ಪಡೆ ಬಂದಾಗ ಅವರು ಹಡಗು, ಗುರಾಬು ಎಂಬ ಯುದ್ಧನೌಕೆಗಳ ಸಮೇತ ಆ ಕಡೆಗೆ ಹೋಗಿಬಿಟ್ಟರು. ಊರು ಸುಲಭವಾಗಿ ಇಂಗ್ಲಿಷರ ಪಾಲಾಯಿತು.

ಎಷ್ಟು ದಿನಕ್ಕೆ? ಸುಮಾರು ಎರಡೂವರೆ ತಿಂಗಳಿಗೆ. ಮೇ ತಿಂಗಳಲ್ಲಿ ಘಟ್ಟ ಇಳಿದು ಮೊದಲು ಹದಿಹರೆಯದ ಟಿಪ್ಪು, ಹಿಂದೆಯೇ ಹೈದರ್ ಬಂದರು. ಇಂಗ್ಲಿಷ್ ಅಧಿಕಾರಿ ಗಾಬರಿ ಬಿದ್ದು ಎಷ್ಟು ಅವಸರದಲ್ಲಿ ಹಡಗು ಹತ್ತಿದ ಅಂದರೆ, ಗಾಯಾಳುಗಳನ್ನು, ರೋಗಿಗಳನ್ನು, ಫಿರಂಗಿಗಳನ್ನು ಎಲ್ಲ ಹಿಂದೆಯೇ ಬಿಟ್ಟುಹೋದ. ಇಂಗ್ಲಿಷ್ ಇತಿಹಾಸಕಾರರೇ ಇದನ್ನು ನಾಚಿಕೆಗೇಡು ಅಂತ ಬರೆದಿದ್ದಾರೆ. ಮತ್ತೆ ಹೈದರ್ ಹಡಗು ಕಟ್ಟಿಸಿದ. 1780ರ ಡಿಸೆಂಬರಿನಲ್ಲಿ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಬಂದು ಅವನ್ನೂ ಇಲ್ಲೇ ನಾಶ ಮಾಡಿದ.

ಇನ್ನು ನೀವು ಕೇಳಿದ ಯುದ್ಧಕ್ಕೆ ಬರೋಣ.

1782ರ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ. ಟಿಪ್ಪು ಪಟ್ಟವೇರಲು ಪೂರ್ವದ ಕಡೆ ಹೋದ. ಇದೇ ಸಮಯ ಅಂತ ಜನರಲ್ ಮ್ಯಾಥ್ಯೂಸ್ ಮುಂಬಯಿಯ ಸೈನ್ಯದೊಂದಿಗೆ ಕರಾವಳಿಗೆ ಇಳಿದ. ಹೊನ್ನಾವರ ಹಿಡಿದ, ಹೊಸಂಗಡಿ ಘಟ್ಟ ಹತ್ತಿದ. ಬಿದನೂರಿನ ಅಧಿಕಾರಿ ಅಯಾಜ್ ಹೊಡೆದಾಡದೆ ಊರು ಒಪ್ಪಿಸಿದ. 1783ರ ಮಾರ್ಚ್ 9ಕ್ಕೆ ಮಂಗಳೂರೂ ಇಂಗ್ಲಿಷರ ಕೈ ಸೇರಿತು. ಒಂದು ಕ್ಷಣ ಅವರಿಗೆ ಘಟ್ಟವೂ ಸಿಕ್ಕಿತ್ತು, ಕಡಲೂ ಸಿಕ್ಕಿತ್ತು. ಆದರೆ ಮ್ಯಾಥ್ಯೂಸ್ ಸೈನ್ಯವನ್ನು ಸಣ್ಣ ಸಣ್ಣ ತುಂಡು ಮಾಡಿ ಅಲ್ಲಲ್ಲಿ ಚೆಲ್ಲಿದ್ದ. ಅದರ ಮೇಲೆ ಬಿದನೂರಿನ ಖಜಾನೆ ಯಾರಿಗೆಷ್ಟು ಅನ್ನುವ ಜಗಳ ಬೇರೆ. ಟಿಪ್ಪು ಮಿಂಚಿನಂತೆ ಬಂದ. ಮೇ ಮೊದಲ ವಾರದ ಹೊತ್ತಿಗೆ ಬಿದನೂರು ಮತ್ತೆ ಅವನದು, ಮ್ಯಾಥ್ಯೂಸ್ ಸೆರೆಯಾಳು. ಆತ ಸೆರೆಯಲ್ಲೇ ಸತ್ತ.

ಉಳಿದದ್ದು ಮಂಗಳೂರು. ಒಳಗಿದ್ದವನು ಕರ್ನಲ್ ಜಾನ್ ಕ್ಯಾಂಬೆಲ್, ಮೂವತ್ತರ ಆಸುಪಾಸಿನ ಸ್ಕಾಟ್. ಅವನ ಜೊತೆ ಹೈಲ್ಯಾಂಡರ್ ಸೈನಿಕರು ಕೆಲವು ನೂರು. ಉಳಿದವರಲ್ಲಿ ಹೆಚ್ಚಿನವರು ಮುಂಬಯಿ ಸೈನ್ಯದ ಭಾರತೀಯ ಸಿಪಾಯಿಗಳು. ಹೊರಗೆ ಹತ್ತಾರು ಸಾವಿರದ ಮೈಸೂರು ಸೈನ್ಯ, ಜೊತೆಗೆ ಫ್ರೆಂಚ್ ತುಕಡಿ. ಮೇ 20ರ ಸುಮಾರಿಗೆ ಕೋಟೆಯ ಹೊರಗಿನ ಕಾವಲು ನೆಲೆಯನ್ನು ಟಿಪ್ಪುವಿನ ಪಡೆ ಕಿತ್ತುಕೊಂಡಿತು. ಒಳಗಿನವರು ಗೋಡೆಯ ಹಿಂದೆ ಸೇರಿಕೊಂಡರು.

ಆಮೇಲೆ ಮಳೆ ಶುರುವಾಯಿತು. ಮಂಗಳೂರಿನ ಜೂನ್ ಮಳೆ ನೋಡಿಲ್ಲದಿದ್ದರೆ ಒಮ್ಮೆ ಬನ್ನಿ. ಬಟ್ಟೆ ಒಣಗುವುದಿಲ್ಲ, ಉಪ್ಪು ನೀರಾಗುತ್ತದೆ, ಚಪ್ಪಲಿಗೆ ಬೂಷ್ಟು ಬರುತ್ತದೆ. ಅಂಥ ಮಳೆಯಲ್ಲಿ ಬಂದೂಕಿನ ಮದ್ದನ್ನು ಒಣಗಿಸಿಟ್ಟುಕೊಂಡು, ಕಾಲಡಿಯಲ್ಲಿ ಕುಸಿಯುವ ಕೆಂಪು ಮಣ್ಣಿನ ಕಂದಕದಲ್ಲಿ ನಿಂತು, ಮುತ್ತಿಗೆ ನಡೆಸಬೇಕಿತ್ತು. ಟಿಪ್ಪುವಿನ ಗುಂಡುಗಳಿಗೆ ಗೋಡೆ ಜೂನ್ ಹೊತ್ತಿಗೇ ಬಿರುಕು ಬಿಟ್ಟಿತು. ದೊಡ್ಡ ದೊಡ್ಡ ಕಲ್ಲುಗಳನ್ನು ಮೇಲಿನಿಂದ ಬೀಳಿಸುವ ಫಿರಂಗಿಗಳನ್ನೂ ಬಳಸಿದ. ಅವು ಬಿದ್ದಲ್ಲಿ ಮಾಡು, ಮನುಷ್ಯ ಎರಡೂ ನೆಲಸಮ. ಬಿರುಕಿನಲ್ಲಿ ನುಗ್ಗಿದವರನ್ನು ಒಳಗಿನವರು ಬಯೋನೆಟ್‌ನಿಂದ ಮತ್ತೆ ಮತ್ತೆ ಹಿಂದಕ್ಕೆ ತಳ್ಳಿದರು. ಗೋಡೆ ಬಿತ್ತು, ಕೋಟೆ ಬೀಳಲಿಲ್ಲ. ಹೊರಗಿನಿಂದ ಹಡಗು ಬರುವಂತಿಲ್ಲ. ಅಳಿವೆ ಮುಚ್ಚಿದೆ.

ಆಗ ಸುದ್ದಿ ಬಂತು. ಯುರೋಪಿನಲ್ಲಿ ಇಂಗ್ಲಿಷರೂ ಫ್ರೆಂಚರೂ ರಾಜಿಯಾಗಿದ್ದಾರೆ ಅಂತ! ಜನವರಿಯಲ್ಲೇ ಆದ ರಾಜಿ ಅದು. ಮಂಗಳೂರಿನ ಕಂದಕಕ್ಕೆ ಬಂದು ಮುಟ್ಟುವಾಗ ಜುಲೈ. ಅಷ್ಟು ತಿಂಗಳು ಇವರು ಮುಗಿದುಹೋದ ಜಗಳಕ್ಕೆ ಸಾಯುತ್ತಿದ್ದರು. ಫ್ರೆಂಚರು ಕೈ ಒರೆಸಿಕೊಂಡು ನಿಂತರು. ಮುತ್ತಿಗೆಯ ನಟ್ಟನಡುವೆ ಜೊತೆಯವರು ಹೀಗೆ ಎದ್ದುಹೋದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಟಿಪ್ಪು ಕೆಂಡವಾದ. ಆದರೂ ಆಗಸ್ಟ್ 2ಕ್ಕೆ ಕದನವಿರಾಮ ಆಯಿತು. ಕೋಟೆಯ ಹೊರಗೆ ಒಂದು ಬಜಾರು ಇಡಬೇಕು, ಒಳಗಿನವರು ದುಡ್ಡು ಕೊಟ್ಟು ಆಹಾರ ಕೊಂಡುಕೊಳ್ಳಬಹುದು ಅಂತ ಷರತ್ತು.

ಇಡೀ ಮುತ್ತಿಗೆಯ ತಿರುವು ಇರುವುದು ಈ ಬಜಾರಿನಲ್ಲಿ. ಫಿರಂಗಿಗೆ ಬಗ್ಗದ ಕೋಟೆ ಅಂಗಡಿಗೆ ಬಗ್ಗಿತು. ದಿನ ಕಳೆದಂತೆ ಬೆಲೆ ಏರಿತು, ಸಾಮಾನು ಕಮ್ಮಿಯಾಯಿತು, ಆಮೇಲೆ ಬಜಾರೇ ನಿಂತಿತು. ಒಳಗೆ ಕುದುರೆ ಮಾಂಸ ತಿಂದರು, ಕಪ್ಪೆ ಹಾವುಗಳಿಗೂ ಇಳಿದರು. ಸ್ಕರ್ವಿ ಬಂದು ವಸಡು ಕೊಳೆಯಿತು. ಕಾವಲು ನಿಂತಲ್ಲೇ ಸಿಪಾಯಿಗಳು ಕುಸಿದು ಬೀಳುತ್ತಿದ್ದರು. ನವೆಂಬರ್ ಕೊನೆಗೆ, ಕಡಲು ತೆರೆದ ಮೇಲೆ, ಜನರಲ್ ಮ್ಯಾಕ್ಲಿಯೋಡ್ ಹಡಗುಪಡೆಯೊಂದಿಗೆ ಬಂದ. ಕೋಟೆಯ ಮೇಲಿನಿಂದ ಹಾಯಿಗಳು ಕಾಣುತ್ತಿದ್ದವು. ಆದರೆ ಕದನವಿರಾಮ ಮುರಿಯಬಾರದು ಅಂತ ಅವನು ಟಿಪ್ಪುವಿನ ಜೊತೆ ಪತ್ರ ವ್ಯವಹಾರ ಮಾಡಿ, ಒಂದಿಷ್ಟು ಆಹಾರ ಇಳಿಸಿ, ಹಿಂತಿರುಗಿದ. ಇಳಿಸಿದ ಉಪ್ಪು ಮಾಂಸದಲ್ಲಿ ಬಹುಪಾಲು ಹಳಸಿಹೋಗಿತ್ತು, ನಾಯಿಯೂ ಮೂಸುವಂತಿರಲಿಲ್ಲ. ಇಷ್ಟು ದಿನ ಗೋಡೆಯ ಮೇಲೆ ನಿಂತು ಹಾಯಿಯ ದಾರಿ ಕಾದವರಿಗೆ ಆ ದಿನ ಹೇಗಾಗಿರಬೇಡ?

1784ರ ಜನವರಿ 30ರಂದು ಕ್ಯಾಂಬೆಲ್ ಕೋಟೆ ಒಪ್ಪಿಸಿದ. ಟಿಪ್ಪು ಅವರನ್ನು ಸೆರೆ ಹಿಡಿಯಲಿಲ್ಲ. ಆಯುಧ ಹಿಡಿದು, ಮರ್ಯಾದೆಯೊಂದಿಗೆ ತಲಚೇರಿಗೆ ಹೋಗಲು ಬಿಟ್ಟ. ಕ್ಯಾಂಬೆಲ್ ಎರಡು ತಿಂಗಳೂ ಬದುಕಲಿಲ್ಲ. ಮಾರ್ಚಿನಲ್ಲಿ ಮುಂಬಯಿಯಲ್ಲಿ ತೀರಿಕೊಂಡ. ಆ ಸಿಪಾಯಿಗಳ ಪಲ್ಟನ್ ಆಮೇಲೆ 101ನೇ ಗ್ರೆನೇಡಿಯರ್ಸ್ ಅನ್ನಿಸಿಕೊಂಡಿತು. ಅದರ ಯುದ್ಧ ಗೌರವಗಳ ಪಟ್ಟಿಯಲ್ಲಿ ಮಂಗಳೂರಿನ ಹೆಸರಿದೆ. ಮುತ್ತಿಗೆ ಅಂದರೆ ಟಿಪ್ಪು ಮತ್ತು ಬಿಳಿಯರ ನಡುವಿನ ಕಥೆ ಅಂತ ಹೇಳುವವರು ಗೋಡೆಯ ಎರಡೂ ಕಡೆ ಜಾಸ್ತಿ ಸತ್ತವರು ಯಾರು ಅನ್ನುವುದನ್ನು ಮರೆತುಬಿಡುತ್ತಾರೆ.

ಹಾಗಾದರೆ ಗೆದ್ದವರು ಯಾರು? ಮಾರ್ಚ್ 11ರ ಮಂಗಳೂರು ಒಪ್ಪಂದದಲ್ಲಿ ಎರಡೂ ಕಡೆಯವರು ಗೆದ್ದದ್ದನ್ನು ವಾಪಸ್ ಕೊಡಬೇಕು, ಸೆರೆಯಾಳುಗಳನ್ನು ಬಿಡಬೇಕು ಅಂತ ಆಯಿತು. ಕಾಗದದ ಮೇಲೆ ಸಮ ಸಮ. ಆದರೆ ಮದ್ರಾಸಿನ ಕಂಪನಿ ಸರ್ಕಾರದ ಮೂವರು ಪ್ರತಿನಿಧಿಗಳು ಇಷ್ಟು ದೂರ ಟಿಪ್ಪುವಿನ ಬಿಡಾರಕ್ಕೆ ಬಂದು ಸಹಿ ಹಾಕಬೇಕಾಯಿತು. ಅವರ ಡೇರೆಯ ಎದುರು ಗಲ್ಲುಮರ ನೆಡಿಸಿದ್ದ ಅನ್ನುವ ಕಥೆಯೂ ಹುಟ್ಟಿತು. ಅದನ್ನು ನಂಬದವರು ಇಂಗ್ಲಿಷರಲ್ಲೇ ಇದ್ದರು, ನಾನೂ ನಂಬುವುದಿಲ್ಲ. ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸನಿಗೆ ಈ ಒಪ್ಪಂದ ಕಂಡರಾಗುತ್ತಿರಲಿಲ್ಲ. ಕಂಪನಿ ಹೀಗೆ ಬಗ್ಗಿ ಸಹಿ ಹಾಕಿದ್ದು ಅದೇ ಕೊನೆ ಅಂತ ಹೆಮ್ಮೆಯಿಂದ ಹೇಳುವವರಿದ್ದಾರೆ. ಮಾನದ ಲೆಕ್ಕದಲ್ಲಿ ಟಿಪ್ಪು ಗೆದ್ದ, ಒಪ್ಪುತ್ತೇನೆ.

ಸೈನಿಕ ಲೆಕ್ಕ ಬೇರೆ ಹೇಳುತ್ತದೆ. ತನ್ನ ಅತ್ಯುತ್ತಮ ಸೈನ್ಯವನ್ನು ಅವನು ಮೇಯಿಂದ ಜನವರಿವರೆಗೆ ಒಂದೇ ಬಂದರಿನ ಎದುರು ಕೂರಿಸಿದ. ಆ ಹೊತ್ತಿಗೆ ದಕ್ಷಿಣದಲ್ಲಿ ಕರ್ನಲ್ ಫುಲರ್ಟನ್ ನವೆಂಬರ್ ತಿಂಗಳೊಂದರಲ್ಲೇ ಪಾಲಕ್ಕಾಡು, ಕೊಯಮತ್ತೂರು ಎರಡನ್ನೂ ಹಿಡಿದಿದ್ದ. ಶ್ರೀರಂಗಪಟ್ಟಣದ ದಾರಿ ಅವನಿಗೆ ತೆರೆದಿತ್ತು. ಸಂಧಾನ ನಡೆಯುತ್ತಿದೆ ನಿಲ್ಲು ಅಂತ ಮದ್ರಾಸಿನವರು ತಡೆಯದಿದ್ದರೆ, ಮಂಗಳೂರು ಗೆದ್ದ ಟಿಪ್ಪುವಿಗೆ ರಾಜಧಾನಿಗೇ ಸಂಚಕಾರ ಬರುತ್ತಿತ್ತು. ಸಾವಿರ ಲೆಕ್ಕದ ಒಂದು ಸಣ್ಣ ಪಡೆ ಇಡೀ ಮೈಸೂರು ಸೈನ್ಯವನ್ನು ಎಂಟು ತಿಂಗಳು ಕಟ್ಟಿಹಾಕಿತು. ಇಬ್ಬರೂ ಸೋತರು ಅನ್ನುವುದಕ್ಕಿಂತ, ಇಬ್ಬರಿಗೂ ಸಾಕಾಗಿತ್ತು ಅನ್ನುವುದು ಸರಿ.

ಊರಿನವರ ಸೋಲು ಮಾತ್ರ ಖಚಿತ. ಕೆನರಾದ ಕ್ರೈಸ್ತರಲ್ಲಿ ಕೆಲವರು ಇಂಗ್ಲಿಷರಿಗೆ ದುಡ್ಡು, ದವಸ ಕೊಟ್ಟಿದ್ದರು ಅನ್ನುವ ಆರೋಪದ ಮೇಲೆ ಟಿಪ್ಪು ಇಡೀ ಸಮುದಾಯವನ್ನೇ ಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಎಷ್ಟು ಜನ ಅನ್ನುವುದರಲ್ಲಿ ಒಮ್ಮತವಿಲ್ಲ. 30,000ದಿಂದ 60,000 ದಾಟಿಯೂ ಹೇಳುವವರಿದ್ದಾರೆ. ಮಿಲಾಗ್ರಿಸ್ ಸೇರಿ ಎಷ್ಟೋ ಚರ್ಚುಗಳು ನೆಲಕ್ಕುರುಳಿದವು. ದಾರಿಯಲ್ಲಿ, ಸೆರೆಯಲ್ಲಿ ಸತ್ತವರು ಲೆಕ್ಕವಿಲ್ಲ. ಬದುಕಿದವರು ಮರಳಿದ್ದು 1799ರ ನಂತರ. ಕೆಲವರು ಸಹಾಯ ಮಾಡಿದ್ದಿರಬಹುದು, ಅದಕ್ಕೆ ಕೂಸು ಮುದುಕರನ್ನೂ ನಡೆಸಿಕೊಂಡು ಹೋಗುವುದು ಯಾವ ಯುದ್ಧನೀತಿ? ಟಿಪ್ಪುವನ್ನು ಮೆಚ್ಚುವವರು ಈ ಪುಟ ಹಾರಿಸುತ್ತಾರೆ, ದ್ವೇಷಿಸುವವರು ಈ ಒಂದೇ ಪುಟ ಓದುತ್ತಾರೆ. ನಿಮಗೆ ಎರಡೂ ಬೇಡ.

ಈಗ ಕೋಟೆ ಎಲ್ಲಿ ಹೋಯಿತು ಅನ್ನುವುದಕ್ಕೆ. ಟಿಪ್ಪು ಮುತ್ತಿಗೆಯಿಂದ ಕಲಿತದ್ದು ಒಂದೇ. ತನ್ನ ಕೋಟೆಗಳು ಇಂಗ್ಲಿಷರನ್ನು ತಡೆಯುವುದಿಲ್ಲ. ಅವರು ಒಳಹೊಕ್ಕರೆ ಅದೇ ಕೋಟೆ ತನ್ನನ್ನು ತಡೆಯುತ್ತದೆ. ಹಾಗಾದರೆ ಕೋಟೆ ಯಾರಿಗೆ ಉಪಯೋಗ? ಕೆಡವಿಸಿದ. 1801ರಲ್ಲಿ ಕಂಪನಿಯ ಪರವಾಗಿ ನಾಡಿನ ಸಮೀಕ್ಷೆಗೆ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಪಾಳು ಕೋಟೆ ನೋಡಿ ಇದೇ ಕಾರಣ ಬರೆದುಕೊಂಡಿದ್ದಾನೆ. ಕಡಲಂಚಿನಲ್ಲಿ ಹಡಗು ತಡೆಯಲು ಬತ್ತೇರಿಯಷ್ಟೇ ಸಾಕು ಅಂದುಕೊಂಡ. ನಿಜವಾದ ಕೋಟೆಯನ್ನು ಘಟ್ಟದ ಬುಡಕ್ಕೆ ಎಳೆದುಕೊಂಡ. ಬೆಳ್ತಂಗಡಿ ಹತ್ತಿರದ ಜಮಲಾಬಾದ್ ಅದೇ. 1794ರಲ್ಲಿ ಮುಗಿಸಿದ. ಊರವರಿಗೆ ಅದು ಈಗಲೂ ಗಡಾಯಿಕಲ್ಲು. ಆ ಒಂಟಿ ಬಂಡೆ ಹತ್ತಿದವರಿಗೆ ಗೊತ್ತು, ಫಿರಂಗಿ ಇರಲಿ, ಬರೀ ಕೈಯಲ್ಲಿ ಹತ್ತುವಾಗಲೇ ಮೊಣಕಾಲು ನಡುಗುತ್ತದೆ. ಚಿತ್ರದುರ್ಗದವರಾದ ನಿಮಗೆ ಅದು ಇಷ್ಟವಾದೀತು.

ಟಿಪ್ಪುವಿಗೆ ಕಡಲಿನ ಆಸೆ ಮಾತ್ರ ಹೋಗಿರಲಿಲ್ಲ. 1796ರಲ್ಲಿ ನಲವತ್ತು ಯುದ್ಧ ಹಡಗುಗಳ ದೊಡ್ಡ ಯೋಜನೆ ಹಾಕಿದ. ಬಹುಪಾಲು ಕಾಗದದಲ್ಲೇ ಉಳಿಯಿತು. ಮೂರೇ ವರ್ಷದಲ್ಲಿ ಶ್ರೀರಂಗಪಟ್ಟಣ ಬಿತ್ತು. ಕಂಪನಿಗೆ ಘಟ್ಟ, ಕಡಲು ಎರಡೂ ಒಟ್ಟಿಗೆ ಸಿಕ್ಕವು.

ಆಮೇಲೂ ಒಮ್ಮೆ ಹಳೆ ಆಟ ನಡೆಯಿತು. 1837ರ ಏಪ್ರಿಲ್‌ನಲ್ಲಿ ಸುಳ್ಯದ ಕಡೆಯಿಂದ, ಕೊಡಗಿನ ಅರಸು ಮನೆತನದವನು ಅನ್ನಲಾದ ಕಲ್ಯಾಣಸ್ವಾಮಿಯ ಹೆಸರಿನಲ್ಲಿ, ಇಂಗ್ಲಿಷರ ವಿರುದ್ಧ ರೈತರ ದಂಡು ಇಳಿದು ಬಂತು. ಕೆದಂಬಾಡಿ ರಾಮಯ್ಯ ಗೌಡರಂಥವರು ಮುಂದಾಳುಗಳು. ಕರಾವಳಿಯಲ್ಲಿ ಅದಕ್ಕೆ ಕಲ್ಯಾಣಪ್ಪನ ಕಾಟಕಾಯಿ ಅಂತಲೇ ಹೆಸರು. ಇಂಗ್ಲಿಷ್ ಅಧಿಕಾರಿಗಳು ಕಡಲಿನ ದಾರಿ ಹಿಡಿದರು, ಬಾವುಟಗುಡ್ಡದ ಮೇಲೆ ರೈತರ ಬಾವುಟ ಹಾರಿತು. ಸುಮಾರು ಹದಿಮೂರು ದಿನ ಊರು ಅವರದೇ. ಆಮೇಲೆ ಕಣ್ಣೂರಿನ ಕಡೆಯಿಂದ ಕಡಲ ಮೇಲೆ ಸೈನ್ಯ ಬಂತು. ಹಿಡಿದವರನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಘಟ್ಟದ ಕಡೆಯಿಂದ ಬಂದವರನ್ನು ಈ ಸಲ ಕಡಲಿನಿಂದ ಬಂದವರು ಓಡಿಸಿದ್ದು.

ಮುಂದಿನ ಸಲ ಬಂದರೆ ಬತ್ತೇರಿ ನೋಡಿ ಅಲ್ಲೇ ತಿರುಗಬೇಡಿ. ಅದರ ಬುಡದಿಂದಲೇ ತಣ್ಣೀರುಬಾವಿಗೆ ದೋಣಿ ಹೋಗುತ್ತದೆ. ಹೊಳೆಯ ನಡುವೆ ಬಂದಾಗ ಹಿಂದಕ್ಕೆ ತಿರುಗಿ ನೋಡಿ. ಮೇಲೆ ನಿಂತಾಗ ಸಣ್ಣದಾಗಿ ಕಂಡ ಆ ಕಪ್ಪು ಕಟ್ಟಡ ನೀರಿನ ಮಟ್ಟದಿಂದ ನೋಡಿದರೆ ಬೇರೆಯೇ ಕಾಣುತ್ತದೆ. ಕಂಡಿಗಳೆಲ್ಲ ನೇರ ನಿಮ್ಮನ್ನೇ ನೋಡುತ್ತಿರುತ್ತವೆ.